ಕೀಲಿನೊಳಗಿನ ಎಣ್ಣೆ

ಆ ಆಸ್ಪತ್ರೆಯಲ್ಲಿ ಶಂಶುನ್ನೀಸಾಳನ್ನು ಕಂಡರೆ ಆಗುವವರು ಒಬ್ಬರೂ ಇರಲಿಲ್ಲ. ಅವಳಿಗೂ ಯಾರನ್ನು ಕಂಡರೂ ಆಗುತ್ತಿರಲಿಲ್ಲ. ಬೆಳಿಗ್ಗೆ ಯಾರಾದರೂ ನಗುನಗುತ್ತಾ ಮಾತಾಡಿಸಿದರೆ, ಇವರಿಗೆ ನನ್ನಿಂದ ಏನು ಆಗಬೇಕಾಗಿದೆಯೋ ಎಂದು ಅನುಮಾನ ಪಡುವ ಹೆಂಗಸು ಅವಳು. ಐವತ್ಮೂರು ವರ್ಷ, ಗಿಡ್ಡ ಆಳು, ಹುಬ್ಬಿನ ನಡುವೆ ಯಾವಾಗಲೂ ಒಂದು ಗಂಟು.

ದೊಡ್ಡಬಳ್ಳಾಪುರದಲ್ಲಿ ಮುನೀಂದ್ರ ಡಾಕ್ಟರು ಕಟ್ಟಿಸಿದ ಅರವತ್ತು ಹಾಸಿಗೆಯ ಆಸ್ಪತ್ರೆ ಅದು. ಎರಡನೇ ಮಹಡಿಯಲ್ಲಿ ಆಪರೇಷನ್ ಥಿಯೇಟರು, ಅದರ ಬೆನ್ನಿಗೆ ಅಂಟಿಕೊಂಡು ಒಂದು ಉದ್ದನೆಯ ಕೋಣೆ. ಬಾಗಿಲ ಮೇಲೆ ಇಂಗ್ಲಿಷಿನಲ್ಲಿ ಏನೋ ನಾಲ್ಕು ಅಕ್ಷರ ಬರೆದಿದ್ದರೂ ಎಲ್ಲರ ಬಾಯಲ್ಲೂ ಅದು ‘ತೊಳೆಯೋ ರೂಮು’. ಹೊಟ್ಟೆ ಕುಯ್ದ ಕತ್ತರಿ, ರಕ್ತನಾಳ ಹಿಡಿದ ಇಕ್ಕಳ, ಗಾಯ ಅಗಲಿಸಿದ ಕೊಕ್ಕೆ ಎಲ್ಲವೂ ಮುಚ್ಚಳದ ಟಬ್ಬಿನಲ್ಲಿ ಅಲ್ಲಿಗೆ ಬರುತ್ತಿದ್ದವು. ಮೊದಲು ತಣ್ಣೀರು, ಆಮೇಲೆ ಸೋಪಿನ ನೀರಿನಲ್ಲಿ ನೆನೆಸುವುದು, ಆಮೇಲೆ ಬ್ರಷ್ಷು. ಒಂದೊಂದರ ಕೀಲನ್ನೂ ಅಗಲಿಸಿ ಉಜ್ಜಬೇಕು. ಒಣಗಿದ ಮೇಲೆ ಕಿಟಕಿ ಪಕ್ಕದ ಮೇಜಿಗೆ ತಂದು, ದೀಪವಿರುವ ದೊಡ್ಡ ಭೂತಗನ್ನಡಿಯ ಕೆಳಗೆ ತಿರುಗಿಸಿ ತಿರುಗಿಸಿ ನೋಡಿ, ಸರಿ ಅನ್ನಬೇಕು. ಸರಿ ಅಂದಮೇಲಷ್ಟೇ ಒಂದು ಆಪರೇಷನ್ನಿಗೆ ಒಂದು ಸೆಟ್ಟಿನಂತೆ ಬಟ್ಟೆಯಲ್ಲಿ ಸುತ್ತಿ, ಟೇಪು ಅಂಟಿಸಿ, ಹಬೆಯ ಆಟೋಕ್ಲೇವಿಗೆ ಇಡುವುದು. ಆ ‘ಸರಿ’ ಅನ್ನುವ ಸ್ಟೂಲಿನ ಮೇಲೆ ಹನ್ನೆರಡು ವರ್ಷದಿಂದ ಕೂತಿದ್ದವಳು ಶಂಶುನ್ನೀಸಾ.

ಅದಕ್ಕೂ ಮೊದಲು ಅವಳು ಮಗ್ಗದ ಮನೆಯಲ್ಲಿದ್ದಳು. ಹದಿನಾಲ್ಕನೇ ವಯಸ್ಸಿಗೆ ನೂಲಿನ ಕಂಡಿಕೆ ಸುತ್ತಲು ಕೂತವಳು, ರೇಷ್ಮೆ ಎಳೆ ಎಲ್ಲಿ ಕಡಿದಿದೆ ಎಂದು ಕಣ್ಣು ಮುಚ್ಚಿಕೊಂಡು ಬೆರಳಿನಲ್ಲೇ ಹೇಳುತ್ತಿದ್ದಳು. ಗಂಡ ತಾಜುದ್ದೀನ್ ಪವರ್‌ಲೂಮು ರಿಪೇರಿ ಮಾಡುವ ಮೇಸ್ತ್ರಿ. ಅವಳು ಕೆಲಸ ಮಾಡುತ್ತಿದ್ದ ಶೆಡ್ಡು ಮುಚ್ಚಿದಾಗ ಆಸ್ಪತ್ರೆಗೆ ನೆಲ ಒರೆಸಲು ಬಂದಳು. ಆಗಿದ್ದ ಒಬ್ಬ ಮುದಿ ನರ್ಸಮ್ಮ, ನೆಲದಲ್ಲಿ ಬಿದ್ದಿದ್ದ ಕೂದಲೆಳೆಯಷ್ಟು ಸಣ್ಣ ಸೂಜಿಯನ್ನು ಇವಳು ಬಾಗಿಲಿನಿಂದಲೇ ನೋಡಿ ಎತ್ತಿದ್ದನ್ನು ಕಂಡು, ನೀನು ಪೊರಕೆ ಬಿಡು ಎಂದು ತೊಳೆಯೋ ರೂಮಿಗೆ ಕರೆದುಕೊಂಡು ಹೋಗಿ ಕೆಲಸ ಕಲಿಸಿದಳು. ಸರ್ಟಿಫಿಕೇಟು ಮಾತ್ರ ಇರಲಿಲ್ಲ. ಅವಳ ಹತ್ತಿರ ಇದ್ದದ್ದು ಒಂದು ರೇಷ್ಮೆ ನೂಲಿನ ಉಂಡೆ. ಪ್ರತಿ ಕತ್ತರಿಯ ತುದಿಗೂ ಒಂದು ಎಳೆ ಕೊಟ್ಟು ಕತ್ತರಿಸುತ್ತಿದ್ದಳು. ಎಳೆ ನುಣ್ಣಗೆ ತುಂಡಾದರೆ ಕತ್ತರಿ ಸೆಟ್ಟಿನೊಳಗೆ, ಎಳೆ ಮಡಚಿಕೊಂಡರೆ ಕತ್ತರಿ ಸಾಣೆಗೆ. ಆ ವಿಷಯದಲ್ಲಿ ಡಾಕ್ಟರು ಹೇಳಿದರೂ ಕೇಳುತ್ತಿರಲಿಲ್ಲ.

ಬಾಯಿ ಮಾತ್ರ ಬೆಂಕಿ. ಥಿಯೇಟರಿನ ನರ್ಸುಗಳು ರಕ್ತದ ಸಾಮಾನನ್ನು ನೆನೆಸದೆ ಹಾಗೇ ಒಣಗಲು ಬಿಟ್ಟು ಕಳಿಸಿದರೆ, ಟಬ್ಬನ್ನು ಎತ್ತಿಕೊಂಡು ಹೋಗಿ ಅವರ ಮುಂದೆ ಧೊಪ್ಪೆಂದು ಇಡುತ್ತಿದ್ದಳು.

"ಏನಮ್ಮಾ ಇದು? ನಿಮ್ಮನೇಲಿ ಅನ್ನದ ತಪ್ಲೇನೂ ಹಿಂಗೇ ಒಣಗಿಸ್ತೀರಾ? ನಾನೇನು ಉಳಿ ಸುತ್ತಿಗೆ ತಗೊಂಡು ಕೆತ್ಲಾ?"

ನರ್ಸುಗಳು ಅವಳ ಹಿಂದೆ ಹಲ್ಲು ಕಡಿಯುತ್ತಿದ್ದರು. ಆದರೆ ಹನ್ನೆರಡು ವರ್ಷದಲ್ಲಿ ಅವಳು ಸರಿ ಅಂದ ಸೆಟ್ಟು ಒಂದೂ ಥಿಯೇಟರಿನಿಂದ ವಾಪಸು ಬಂದಿರಲಿಲ್ಲ. ಅದೊಂದು ಅವಳ ಪಾಲಿನ ಆಸ್ತಿ, ಅದನ್ನು ಯಾರಿಗೂ ಮರೆಯಲು ಬಿಡುತ್ತಿರಲಿಲ್ಲ.

ಈ ವರ್ಷ ಆಸ್ಪತ್ರೆಗೆ ಮಾನ್ಯತೆಯ ಸರ್ಟಿಫಿಕೇಟು ಬೇಕೆಂದು ಡಾಕ್ಟರಿಗೆ ಅನ್ನಿಸಿತು. ಅದಕ್ಕೆ ಇನ್‌ಸ್ಪೆಕ್ಷನ್ನಿನವರು ಬರುತ್ತಾರೆ, ಎಲ್ಲ ಕಡೆಯೂ ಓದಿದವರು ಇರಬೇಕು. ಹಾಗೆ ಬಂದವಳು ನವ್ಯಶ್ರೀ. ನೆಲಮಂಗಲ ತಾಲ್ಲೂಕು ಸೋಂಪುರದ ಕಡೆಯ ಹುಡುಗಿ, ಇಪ್ಪತ್ಮೂರು ವರ್ಷ, ಥಿಯೇಟರ್ ಕೆಲಸದಲ್ಲಿ ಡಿಪ್ಲೊಮಾ. ಬಂದ ಮೊದಲ ದಿನವೇ ಭೂತಗನ್ನಡಿಯ ಮೇಜನ್ನು ಎರಡು ಬೆರಳಿನಲ್ಲಿ ಮುಟ್ಟಿ ನೋಡಿದಳು. ಆಮೇಲೆ ರೇಷ್ಮೆ ಉಂಡೆಯನ್ನು ಎತ್ತಿ, "ಇದೇನು ಆಂಟಿ?" ಎಂದಳು.

"ಕತ್ತರಿ ನೋಡೋಕೆ."

"ಬುಕ್ಕಲ್ಲಿ ಹಂಗಿಲ್ಲ. ಅದಕ್ಕೆ ಬೇರೆ ಟೆಸ್ಟ್ ಶೀಟ್ ಬರತ್ತೆ. ಇದನ್ನೆಲ್ಲ ಮಗ್ಗದ ಮನೇಲಿ ಇಟ್ಕೊಳ್ಳಿ, ಇನ್‌ಸ್ಪೆಕ್ಷನ್‌ನೋರು ನೋಡಿದ್ರೆ ನಗ್ತಾರೆ." ಹಾಗೆಂದು ಉಂಡೆಯನ್ನು ಹಳದಿ ಕಸದ ಡಬ್ಬಿಗೆ ಹಾಕಿಬಿಟ್ಟಳು.

ಹಳದಿ ಡಬ್ಬಿಗೆ ಹೋದದ್ದು ಸೋಂಕಿನ ಕಸ, ಅದನ್ನು ಯಾರೂ ವಾಪಸು ತೆಗೆಯುವಂತಿಲ್ಲ. ಶಂಶುನ್ನೀಸಾ ಮರುದಿನ ಮನೆಯಿಂದ ಇನ್ನೊಂದು ಉಂಡೆ ತಂದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವತ್ತಿನಿಂದ ಅವರಿಬ್ಬರ ನಡುವೆ ಮಾತು ಅನ್ನುವುದು ಇದ್ದರೆ ಅದು ಚುಚ್ಚುವುದಕ್ಕಷ್ಟೇ.

ನರ್ಸುಗಳ ಮುಖ್ಯಸ್ಥೆ ಪವಿತ್ರ ಸಿಸ್ಟರ್ ಒಂದು ದಿನ ಶಂಶುನ್ನೀಸಾಳನ್ನು ಪಕ್ಕಕ್ಕೆ ಕರೆದರು. "ಶಂಶಕ್ಕ, ಬೇಜಾರು ಮಾಡ್ಕೋಬೇಡಿ. ಆ ಟೇಬಲ್ಲಿಗೆ ಒಬ್ರೇ ಸಾಕು ಅಂತಿದಾರೆ ಸಾರು. ಈ ತಿಂಗಳು ರಿಜಿಸ್ಟರ್ ನೋಡ್ತಾರಂತೆ. ಯಾರ ಹೆಸರಲ್ಲಿ ಕಂಪ್ಲೇಂಟ್ ಕಮ್ಮಿ ಇರತ್ತೋ ಅವ್ರು ಅಲ್ಲಿರ್ತಾರೆ. ಇನ್ನೊಬ್ರು ಬಟ್ಟೆ ಮಡಚೋ ಕಡೆಗೆ."

"ಬಟ್ಟೆ ಮಡಚೋಕೆ ನನ್ನನ್ನ ಕಳಿಸ್ತೀರಾ?"

"ನಾನೆಲ್ಲಿ ಹಂಗಂದೆ? ರಿಜಿಸ್ಟರ್ ಹೇಳತ್ತೆ ಅಂದೆ."

ಆ ಸ್ಟೂಲು ಬಿಟ್ಟರೆ ಶಂಶುನ್ನೀಸಾಳಿಗೆ ಊರಿನಲ್ಲಿ ಬೇರೆ ಜಾಗವಿರಲಿಲ್ಲ. ಮನೆಯಲ್ಲಿ ಅವಳು ಯಾರದೋ ಹೆಂಡತಿ, ಬೀದಿಯಲ್ಲಿ ಯಾರದೋ ಅತ್ತೆ. ಆ ಗಾಜಿನ ಕೆಳಗೆ ಮಾತ್ರ ಅವಳು ಸರಿ ಅನ್ನದೆ ದೊಡ್ಡ ಡಾಕ್ಟರಿಗೂ ಒಂದು ಚಾಕು ಎತ್ತಲು ಬರುತ್ತಿರಲಿಲ್ಲ.

ಹುಡುಗಿ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಅವಳ ಅದೃಷ್ಟಕ್ಕೆ ಅದೇ ಸಮಯಕ್ಕೆ ಆಸ್ಪತ್ರೆಯ ಬೋರು ಬತ್ತಿ ಟ್ಯಾಂಕರಿನ ನೀರು ಬರತೊಡಗಿತ್ತು. ಗಡಸು ನೀರು. ತೊಳೆದ ಸಾಮಾನಿನ ಮೇಲೆ ಬಿಳಿ ಬೂದಿಯಂತೆ ಕೂತುಕೊಳ್ಳುತ್ತಿತ್ತು, ಕೀಲುಗಳು ಬಿಗಿಯುತ್ತಿದ್ದವು. ಕೀಲಿಗೆ ಹಾಕಲೆಂದೇ ನೀರಿನಲ್ಲಿ ಬೆರೆಯುವ ಹಾಲುಬಣ್ಣದ ಎಣ್ಣೆಯೊಂದು ಬರುತ್ತದೆ. ಅದು ಮುಗಿದು ಮೂರು ತಿಂಗಳಾಗಿತ್ತು. ಶಂಶುನ್ನೀಸಾ ಪುಸ್ತಕದಲ್ಲಿ ನಾಲ್ಕು ಸಲ ಬರೆಸಿದ್ದಳು, ನಾಲ್ಕು ಸಲವೂ ಪಕ್ಕದಲ್ಲಿ ಡಾಕ್ಟರು ‘ಮುಂದಿನ ತಿಂಗಳು’ ಎಂದು ಬರೆದು ಗೀಚಿದ್ದರು. ಇತ್ತ ಥಿಯೇಟರಿನಿಂದ ಬಿಗಿಯಾದ ಇಕ್ಕಳ ಒಂದೊಂದಾಗಿ ವಾಪಸು ಬರುತ್ತಿತ್ತು, ಹುಡುಗಿ ಒಂದೊಂದನ್ನೂ ರಿಜಿಸ್ಟರಿನಲ್ಲಿ ಮುದ್ದಾದ ಅಕ್ಷರದಲ್ಲಿ ಬರೆಯುತ್ತಿದ್ದಳು. ಕಾರಣ: ಕೀಲು ಬಿಗಿ. ನೋಡಿದವರು: ಶಂಶುನ್ನೀಸಾ. ಮೊದಲ ನಾಲ್ಕು ದಿನಕ್ಕೇ ಏಳು ಸಾಲಾದವು. ಬರೆದು ಮುಗಿಸಿ ಪೆನ್ನಿನ ಕ್ಯಾಪು ಹಾಕುವಾಗ ಟಕ್ಕೆಂದು ಸದ್ದು ಮಾಡುತ್ತಿದ್ದಳು, ಬೇಕೆಂದೇ.

ಆ ದಿನ ಮನೆಗೆ ಹೋದವಳೇ ಶಂಶುನ್ನೀಸಾ ಗಂಡನ ಸಾಮಾನಿನ ಚೀಲಕ್ಕೆ ಕೈ ಹಾಕಿದಳು. ಮನೆಯಲ್ಲಿ ಅವರ ಮಾತೆಲ್ಲ ದಖನಿ ಉರ್ದುವಿನಲ್ಲಿ.

"ಏನು ಹುಡುಕ್ತಿದೀಯ?" ಎಂದ ತಾಜುದ್ದೀನ್.

"ಮಗ್ಗದ ಎಣ್ಣೆ. ಸಣ್ಣ ಮೂತಿ ಡಬ್ಬಿ."

"ಆಸ್ಪತ್ರೇಲಿ ಮಗ್ಗ ಹಾಕಿದಾರಾ?"

"ಇಕ್ಕಳ ಬಿಗಿದುಕೊಂಡಿವೆ. ಕೊಡೋ ಹಾಗಿದ್ರೆ ಕೊಡು, ಇಲ್ಲಾಂದ್ರೆ ಬಾಯಿ ಮುಚ್ಚಿಕೊಂಡಿರು."

ತಾಜುದ್ದೀನ್ ಮೂವತ್ತು ವರ್ಷದಿಂದ ಈ ಬಾಯನ್ನು ಬಲ್ಲವನು. ಡಬ್ಬಿ ತೆಗೆದು ಕೊಟ್ಟ. ತನ್ನ ಎಣ್ಣೆಯ ಮೇಲೆ ಅವನಿಗೆ ಹೆಮ್ಮೆ. "ಒಂದು ತೊಟ್ಟು ಸಾಕು. ಇದನ್ನ ಹಾಕಿದ್ರೆ ಕೀಲಿನ ಒಳಗೆ ನೀರಿನ ಒಂದು ಹನಿ ಇಳಿಯಲ್ಲ, ತುಕ್ಕೂ ಹತ್ತಿರ ಬರಲ್ಲ."

ಮಗ್ಗದ ಊರಿನಲ್ಲಿ ಕಬ್ಬಿಣ ಬಿಗಿದರೆ ಎಣ್ಣೆ ಬಿಡುವುದು ಉಸಿರಾಡುವಷ್ಟು ಸಹಜ. ಅದಕ್ಕೆ ಯಾರೂ ಯೋಚನೆ ಮಾಡುವುದಿಲ್ಲ. ಮರುದಿನ, ಐದನೇ ತಾರೀಖು, ತೊಳೆದು ಒಣಗಿಸಿದ ಇಕ್ಕಳಗಳಿಗೆ ಕೀಲಿಗೊಂದು ತೊಟ್ಟಿನಂತೆ ಬಿಟ್ಟು, ಹೊರಗೆ ಜಿಡ್ಡು ಕಾಣದ ಹಾಗೆ ಒರೆಸಿ, ಶಂಶುನ್ನೀಸಾ ಸರಿ ಅಂದಳು. ಡಬ್ಬಿಯನ್ನು ಬ್ರಷ್ಷುಗಳ ಪೆಟ್ಟಿಗೆಯ ಹಿಂದೆ ಬಚ್ಚಿಟ್ಟಳು. ಹಬೆಯಿಂದ ಹೊರಬಂದ ಸೆಟ್ಟುಗಳ ಟೇಪಿನ ಮೇಲೆ ಕಪ್ಪು ಗೆರೆಗಳು ಲಕ್ಷಣವಾಗಿ ಮೂಡಿದ್ದವು. ಆ ಗೆರೆ ಮೂಡಿದರೆ ಕೆಲಸ ಆಯಿತೆಂದು ಲೆಕ್ಕ. ಒಳಗಿನ ಕೀಲಿಗೆ ಹಬೆ ತಾಗಿದೆಯೇ ಇಲ್ಲವೇ ಎಂದು ಟೇಪಿಗೇನು ಗೊತ್ತು?

ಥಿಯೇಟರಿನಿಂದ ವಾಪಸು ಬರುವುದು ನಿಂತೇಹೋಯಿತು. ಡಾಕ್ಟರೇ ಒಮ್ಮೆ ಬಾಗಿಲಲ್ಲಿ ತಲೆ ಹಾಕಿ, "ಏನು ಶಂಶಮ್ಮ, ಎಲ್ಲಾ ಬೆಣ್ಣೆ ಥರ ಆಡ್ತಿವೆ!" ಅಂದು ಹೋದರು. ಶಂಶುನ್ನೀಸಾ ಹುಡುಗಿಯ ಕಡೆ ತಿರುಗಿ, "ಬರ್ಕೋ. ಇದನ್ನೂ ಬರ್ಕೋ," ಎಂದಳು. ಹುಡುಗಿ ಮುಖ ಸಿಂಡರಿಸಿಕೊಂಡು ಬ್ರಷ್ಷಿನ ಪೆಟ್ಟಿಗೆ ಜೋಡಿಸಲು ಹೋದಳು.

ಮೊದಲು ಹರ್ನಿಯಾ ಆದ ಒಬ್ಬ ಗಂಡಸಿನ ಗಾಯ ಕೀವಾಯಿತು. ಅವನಿಗೆ ಸಕ್ಕರೆ ಕಾಯಿಲೆ, ಅದಕ್ಕೇ ಇರಬೇಕು ಅಂದರು. ಆಮೇಲೆ ಅಪೆಂಡಿಕ್ಸ್ ತೆಗೆಸಿಕೊಂಡ ಒಂದು ಹೆಣ್ಣುಮಗಳದು. ಮೂರನೆಯದು ಅಮ್ಮಯಮ್ಮನದು. ಪಕ್ಕದ ಮಧುರೆಯ ಹೊಲಮನೆಯ ಹೆಂಗಸು, ಅರವತ್ತರ ಹತ್ತಿರ, ಗರ್ಭಕೋಶದ ಆಪರೇಷನ್ ಆಗಿತ್ತು. ನಾಲ್ಕು ದಿನಕ್ಕೆ ಜ್ವರ ಏರಿತು, ಹೊಲಿಗೆ ಊದಿಕೊಂಡಿತು. ಸಕ್ಕರೆ ಇಲ್ಲ, ಬಿಪಿ ಇಲ್ಲ, ಕಾಯಿಲೆ ಅನ್ನುವುದನ್ನೇ ಕಾಣದ ಗಟ್ಟಿ ಜೀವ. ಇವಳಿಗೆ ಹೇಳಲು ಯಾರಿಗೂ ಕಾರಣ ಸಿಗಲಿಲ್ಲ.

ಡ್ರೆಸಿಂಗ್ ಮಾಡಿದ ಸಾಮಾನು ತರಲು ಶಂಶುನ್ನೀಸಾ ವಾರ್ಡಿಗೆ ಹೋದಾಗ ಅಮ್ಮಯಮ್ಮ ಎಲ್ಲರನ್ನೂ ಬೈಯುತ್ತಾ ಮಲಗಿದ್ದಳು. ಜ್ವರಕ್ಕೆ ಮುಖ ಕೆಂಪಾಗಿತ್ತು, ನಾಲಿಗೆ ಮಾತ್ರ ಸೋತಿರಲಿಲ್ಲ.

"ಏ ಬೂಬಮ್ಮ, ನೀನೇನು ತೊಳೆಯೋಳಾ? ನಂಗೆ ಹಾಕಿದ್ದನ್ನ ಸರ್ಯಾಗಿ ತೊಳ್ದಿದ್ದೇನೇ?"

"ನಾನು ತೊಳ್ದಿದ್ರೆ ಸರ್ಯಾಗೇ ತೊಳ್ದಿರ್ತೀನಿ. ಬೇರೆಯೋರದ್ದು ನಂಗೊತ್ತಿಲ್ಲ."

"ಎಲ್ರೂ ಹಂಗೇ ಅಂತೀರ. ಮತ್ತೆ ನನ್ ಹೊಟ್ಟೇಲಿ ಕೀವು ಯಾರು ಬಿಟ್ರು, ನಮ್ಮಪ್ಪನಾ?"

ಶಂಶುನ್ನೀಸಾ ಸಾಮಾನು ಎತ್ತಿಕೊಂಡು ಬಂದಳು. ಅಂದುಕೊಂಡದ್ದು ಹುಡುಗಿಯ ಬಗ್ಗೆ. ಅವಳು ಬ್ರಷ್ಷು ಹಿಡಿಯುವುದೇ ಮೂರು ಬೆರಳಿನಲ್ಲಿ, ಉಗುರಿನ ಬಣ್ಣ ಹೋಗಬಾರದೆಂದು. ಪವಿತ್ರ ಸಿಸ್ಟರ್ ಕೇಳಿದಾಗ ಅದನ್ನೇ ಹೇಳಿದಳು, ಒಂದಕ್ಕೆ ಎರಡು ಸೇರಿಸಿ. ಆ ಮೂರು ಸೆಟ್ಟುಗಳನ್ನೂ ತೊಳೆದವರು ಎಂಬ ಜಾಗದಲ್ಲಿ ನವ್ಯಶ್ರೀಯ ಸಹಿ ಇತ್ತು. ಮಾತು ಬೇಗ ಬೇಗ ಒಂದು ಕಡೆಗೆ ವಾಲಿತು. ಶಂಶುನ್ನೀಸಾಳಿಗೆ ಒಳಗೊಳಗೇ ಹಬ್ಬ, ಅದನ್ನು ಮುಚ್ಚಿಡುವ ಸೌಜನ್ಯವೂ ಇರಲಿಲ್ಲ.

ಇಪ್ಪತ್ತಾರನೇ ತಾರೀಖು. ಅಮ್ಮಯಮ್ಮನ ಹೊಟ್ಟೆಯನ್ನು ಮತ್ತೆ ತೆರೆದು ಕೀವು ತೆಗೆಯಬೇಕೆಂದು ತೀರ್ಮಾನವಾಗಿತ್ತು, ಮಧ್ಯಾಹ್ನ ಎರಡು ಗಂಟೆಗೆ. ಅವಳ ಸೆಟ್ಟು ಹಿಂದಿನ ದಿನವೇ ಹಬೆಯಿಂದ ಬಂದು, ಕಪ್ಪು ಗೆರೆಯ ಟೇಪಿನೊಂದಿಗೆ ಬೀರುವಿನಲ್ಲಿ ಕಾದು ಕೂತಿತ್ತು. ಹನ್ನೊಂದು ಗಂಟೆಗೆ ಪವಿತ್ರ ಸಿಸ್ಟರ್ ಬಂದು, "ಹನ್ನೆರಡಕ್ಕೆ ಸಾರ್ ರೂಮಿಗೆ ಇಬ್ರೂ ಬನ್ನಿ," ಎಂದರು. ಅವರ ಫೈಲಿನಲ್ಲಿ ಹುಡುಗಿಯ ಹೆಸರಿನ ಕಾಗದವೊಂದು ಟೈಪಾಗಿ ಕೂತಿದ್ದನ್ನು ಶಂಶುನ್ನೀಸಾ ತಲೆಕೆಳಗಾಗಿಯೇ ಓದಿಕೊಂಡಳು. ಓದುವುದು ನಿಧಾನ, ಆದರೆ ‘ಕೆಲಸದಿಂದ’ ಅನ್ನುವ ಪದ ಸಲೀಸಾಗಿ ಸಿಕ್ಕಿತು.

ಖುಷಿಯಲ್ಲಿ ಕೈಗೆ ಸಿಕ್ಕ ಒಂದು ಇಕ್ಕಳ ಎತ್ತಿಕೊಂಡಳು. ಬೆಳಗಿನ ಆಪರೇಷನ್ನಿನಿಂದ ಬಂದದ್ದು, ಹುಡುಗಿ ಆಗತಾನೇ ತೊಳೆದಿಟ್ಟದ್ದು, ಇನ್ನೂ ಒದ್ದೆ. ಗಾಜಿನ ಕೆಳಗೆ ಹಿಡಿದಳು. ಮೈಮೇಲೆ ನೀರು ತೆಳ್ಳಗೆ ಹರಡಿತ್ತು. ಕೀಲಿನ ಸುತ್ತ ಮಾತ್ರ ಹರಡಿರಲಿಲ್ಲ, ಎಣ್ಣೆ ಹಚ್ಚಿದ ಅಂಗೈ ಮೇಲೆ ನಿಂತ ಹಾಗೆ ದುಂಡು ದುಂಡಾಗಿ ನಿಂತಿತ್ತು. ಅವಳು ಇಕ್ಕಳ ಅಲ್ಲಾಡಿಸಿದಳು. ಹನಿಗಳು ಉರುಳಿ ಬಿದ್ದವು, ಒಂದೂ ಒಳಗೆ ಇಳಿಯಲಿಲ್ಲ.

ತಾಜುದ್ದೀನನ ಮಾತು ಆಗ ನೆನಪಾಯಿತು. ನೀರಿನ ಒಂದು ಹನಿ ಇಳಿಯಲ್ಲ. ನೀರು ಇಳಿಯದ ಕಡೆ ಸೋಪು ಇಳಿಯುವುದಿಲ್ಲ. ಹಬೆ ಅಂದರೂ ನೀರೇ ಅಲ್ಲವೇ?

ಶಂಶುನ್ನೀಸಾ ಗಾಯಕ್ಕೆ ಕಟ್ಟುವ ಬಿಳಿ ಗಾಜ್ ಬಟ್ಟೆಯ ತುದಿಯನ್ನು ತಿರುಚಿ, ಕೀಲನ್ನು ಪೂರ್ತಿ ಅಗಲಿಸಿ, ಸಂದಿಗೆ ತುರುಕಿ ಎಳೆದಳು. ಬಟ್ಟೆಯ ಮೇಲೆ ಕಂದು ಬಣ್ಣದ ಒಂದು ಗೆರೆ ಬಂತು. ಮೂಗಿಗೆ ಹಿಡಿದಳು. ಮಗ್ಗದ ಮನೆಯ ವಾಸನೆ, ಅದರ ಅಡಿಯಲ್ಲಿ ಹಳೇ ರಕ್ತದ ವಾಸನೆ. ಇನ್ನೊಂದು ಇಕ್ಕಳ ತೆಗೆದಳು, ಅದರಲ್ಲೂ ಅದೇ. ಐದನೆಯದರಲ್ಲೂ ಅದೇ. ಆ ಹೆಂಗಸಿನ ಹೊಟ್ಟೆಗೆ ಕೀವು ಬಿಟ್ಟವರು ಯಾರೆಂದು ಅವಳಿಗೆ ಗೊತ್ತಾಗಿತ್ತು.

ಅವಳು ಒಳ್ಳೆಯವಳಾಗಿದ್ದರೆ ಆ ಕ್ಷಣವೇ ಓಡಿ ಹೋಗಿ ಹೇಳುತ್ತಿದ್ದಳು ಎಂದು ಬರೆಯಬಹುದಿತ್ತು. ಅವಳು ಓಡಲಿಲ್ಲ. ಸ್ಟೂಲಿನ ಮೇಲೆ ಕೂತು ಮುಕ್ಕಾಲು ಗಂಟೆ ಲೆಕ್ಕ ಹಾಕಿದಳು. ಸುಮ್ಮನಿದ್ದರೆ ಹುಡುಗಿ ಹೋಗುತ್ತಾಳೆ, ಸ್ಟೂಲು ಉಳಿಯುತ್ತದೆ. ಡಬ್ಬಿ ಎಸೆದು, ನಾಳೆಯಿಂದ ಬಿಸಿ ಸೋಪಿನಲ್ಲಿ ಒಂದೊಂದೇ ಸೆಟ್ಟಿನ ಎಣ್ಣೆ ಬಿಡಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಎರಡು ಗಂಟೆಯ ಸೆಟ್ಟು? ಅದನ್ನು ಕದ್ದು ಬದಲಾಯಿಸಲು ಬೀರುವಿನಲ್ಲಿ ಇರುವುದೆಲ್ಲ ಅವಳೇ ಎಣ್ಣೆ ಬಿಟ್ಟ ಸೆಟ್ಟುಗಳು. ಅದೇ ಹೊಟ್ಟೆಗೆ ಅದೇ ಎಣ್ಣೆ ಮತ್ತೆ ಹೋಗುತ್ತದೆ. ಅಮ್ಮಯಮ್ಮ ಈ ಸಲ ತಡೆಯುವುದಿಲ್ಲ.

ಹಾಳಾದ ಮುದುಕಿ, ಅಂದುಕೊಂಡಳು. ಹಾಳಾದ ಹುಡುಗಿ. ಹಾಳಾದ ನಾನು.

ಡಾಕ್ಟರ ಕೋಣೆಯಲ್ಲಿ ಪವಿತ್ರ ಸಿಸ್ಟರ್ ಫೈಲು ತೆರೆದುಕೊಂಡು ಕೂತಿದ್ದರು. ನವ್ಯಶ್ರೀ ಫೋನನ್ನು ಎದೆಗೆ ಒತ್ತಿಕೊಂಡು ಸೆಟೆದು ನಿಂತಿದ್ದಳು, ಕಣ್ಣು ಮಾತ್ರ ತುಂಬಿತ್ತು. ಡಾಕ್ಟರು ಶಂಶುನ್ನೀಸಾಳನ್ನು ನೋಡಿದರು.

"ಹನ್ನೆರಡು ವರ್ಷ ಇದ್ದೋರು ನೀವು. ನೀವೇ ಹೇಳಿ. ಈ ಹುಡುಗಿ ಸರಿಯಾಗಿ ತೊಳೀತಾಳಾ?"

"ಇಲ್ಲ ಸಾರ್. ಬಾಳ ಕೆಟ್ಟದಾಗಿ ತೊಳೀತಾಳೆ."

ಸಿಸ್ಟರ್ ಪೆನ್ನು ಎತ್ತಿಕೊಂಡರು.

"ಆದ್ರೆ ಇದು ಅವಳ ಕೆಲ್ಸ ಅಲ್ಲ. ನಂದು." ಶಂಶುನ್ನೀಸಾ ಸೆರಗಿನಡಿಯಿಂದ ಸಣ್ಣ ಮೂತಿಯ ಡಬ್ಬಿಯನ್ನು ತೆಗೆದು ಡಾಕ್ಟರ ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಕಂದು ಗೆರೆಗಳ ಗಾಜ್ ಬಟ್ಟೆ. "ಮಗ್ಗದ ಎಣ್ಣೆ. ಎಲ್ಲಾ ಕೀಲಿಗೂ ಬಿಟ್ಟಿದೀನಿ, ಐದನೇ ತಾರೀಖಿಂದ. ಒಳಗೆ ನೀರೂ ಹೋಗಲ್ಲ, ಹಬೇನೂ ಹೋಗಲ್ಲ. ಎರಡು ಗಂಟೆ ಸೆಟ್ಟೂ ಅದೇ. ಅದನ್ನ ತಗೋಬೇಡಿ."

ಡಾಕ್ಟರು ಡಬ್ಬಿಯನ್ನು ಎತ್ತಿ ಮೂಸಿ ನೋಡಿದರು. "ಯಾರು ನಿಮ್ಗೆ ಹೇಳಿದ್ದು ಇದನ್ನ ಹಾಕೋಕೆ? ತಲೆ ಇದೆಯಾ ನಿಮ್ಗೆ?"

"ಹಾಲಿನ ಎಣ್ಣೆ ಬೇಕು ಅಂತ ನಾಲ್ಕು ಸಲ ಬರೆಸಿದೀನಿ. ನಾಲ್ಕು ಸಲಾನೂ ನೀವೇ ಮುಂದಿನ ತಿಂಗಳು ಅಂತ ಬರ್ದಿದೀರ. ಪುಸ್ತಕ ತರ್ಲಾ?"

ಡಾಕ್ಟರು ತರಲು ಹೇಳಲಿಲ್ಲ. ಆಗ ನವ್ಯಶ್ರೀಗೆ ಒಮ್ಮೆಲೇ ಜೀವ ಬಂತು.

"ಸಾರ್, ನಂಗೆ ಗೊತ್ತಿತ್ತು ಸಾರ್! ನಾನು ಆವಾಗ್ಲೇ ಫೋಟೋ ತೆಗ್ದು ಇಟ್ಕೊಂಡಿದೀನಿ. ನೋಡಿ, ಬ್ರಷ್ ಬಾಕ್ಸ್ ಹಿಂದೆ ಇಟ್ಟಿದ್ರು. ನಾನು ಸುಳ್ಳು ಹೇಳ್ತಿಲ್ಲ, ಡೇಟೂ ಇದೆ." ಫೋನನ್ನು ಡಾಕ್ಟರ ಮುಂದೆ ಹಿಡಿದಳು.

ಡಾಕ್ಟರು ಫೋಟೋ ನೋಡಿದರು. ಆಮೇಲೆ ಅದರ ಕೆಳಗಿನ ತಾರೀಖನ್ನು ಬಹಳ ಹೊತ್ತು ನೋಡಿದರು.

"ಒಂಬತ್ತನೇ ತಾರೀಖು."

"ಹೌದು ಸಾರ್."

"ಅಪೆಂಡಿಕ್ಸ್ ಹುಡುಗಿ ಆಪರೇಷನ್ ಹನ್ನೊಂದು. ಅಮ್ಮಯಮ್ಮಂದು ಹದಿನಾಲ್ಕು." ಅವರು ತಲೆ ಎತ್ತಿದರು. "ಇಷ್ಟು ದಿನ ಇದನ್ನ ಯಾಕಮ್ಮಾ ಇಟ್ಕೊಂಡಿದ್ದೆ?"

ಹುಡುಗಿ ಫೋನನ್ನು ಹಿಂದಕ್ಕೆ ಎಳೆದುಕೊಂಡಳು. "ಒಂದ್ಸಲಕ್ಕೇ ಹೇಳಿದ್ರೆ ಡಬ್ಬಿ ಎಸೆದು ಇಲ್ಲ ಅಂತಿದ್ರು ಸಾರ್... ತಿಂಗಳ ಕೊನೇಲಿ, ರಿಜಿಸ್ಟರ್ ನೋಡೋ ದಿನ ತೋರಿಸೋಣ ಅಂತ... ಎಣ್ಣೆಯಿಂದ ಹಿಂಗಾಗತ್ತೆ ಅಂತ..."

"ಬುಕ್ಕಲ್ಲಿ ಇರ್ಲಿಲ್ವಾ?" ಎಂದಳು ಶಂಶುನ್ನೀಸಾ.

ಹುಡುಗಿ ಅವಳ ಕಡೆ ತಿರುಗಿದಳು. ಇತ್ತು ಅನ್ನುವುದು ಅವಳ ಮುಖದಲ್ಲೇ ಬರೆದಿತ್ತು. ಆ ಎಣ್ಣೆ ಹಾಕಬಾರದೆಂದು ಅವಳು ಓದಿದ್ದಳು, ಪರೀಕ್ಷೆಯಲ್ಲಿ ಬರೆದಿದ್ದಳು, ಗೊತ್ತಿದ್ದೇ ಫೋಟೋ ತೆಗೆದಿದ್ದಳು. ಶಂಶುನ್ನೀಸಾ ಗೊತ್ತಿಲ್ಲದೆ ಮಾಡಿದ್ದನ್ನು ಅವಳು ಗೊತ್ತಿದ್ದೂ ಹದಿನೇಳು ದಿನ ನೋಡುತ್ತಾ ಕೂತಿದ್ದಳು. ಶಂಶುನ್ನೀಸಾಳಿಗೆ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಕೈ ಎತ್ತಲಿಲ್ಲ, ಆ ಕೈಯಲ್ಲಿ ಇನ್ನೂ ಎಣ್ಣೆಯ ವಾಸನೆ ಇತ್ತು.

ಪವಿತ್ರ ಸಿಸ್ಟರ್ ಟೈಪು ಮಾಡಿದ ಕಾಗದವನ್ನು ಎರಡಾಗಿ ಮಡಚಿ ಫೈಲಿನೊಳಗೆ ಹಾಕಿದರು. ಇಬ್ಬರನ್ನೂ ಆ ದಿನವೇ ಹೊರಗೆ ಹಾಕಿದರೆ ಸೆಟ್ಟು ತೊಳೆಯುವವರು ಯಾರೂ ಇರಲಿಲ್ಲ, ಅಷ್ಟೇ ಕಾರಣ. ಡಾಕ್ಟರು ಇನ್ನೂ ಆಸ್ಪತ್ರೆಯಲ್ಲೇ ಇದ್ದ ಹರ್ನಿಯಾದವನ, ಅಪೆಂಡಿಕ್ಸಿನವಳ ಗಾಯವನ್ನು ಮತ್ತೆ ನೋಡುವುದಾಗಿ ಹೇಳಿದರು. ಎರಡು ಗಂಟೆಯ ಆಪರೇಷನ್ನು ಆರಕ್ಕೆ ಹೋಯಿತು. ಬೀರುವಿನಲ್ಲಿರುವ ಎಲ್ಲ ಸೆಟ್ಟನ್ನೂ ಬಿಚ್ಚಿ ಮೊದಲಿನಿಂದ ತೊಳೆಯಬೇಕು, ಅಮ್ಮಯಮ್ಮನದು ಮೊದಲು ಎಂದರು.

"ಇವತ್ತಿಂದ ನೋಡೋ ಟೇಬಲ್ ಆ ಹುಡುಗೀದು. ನೀವು ತೊಳೀರಿ," ಎಂದರು ಶಂಶುನ್ನೀಸಾಳಿಗೆ, ಅವಳ ಮುಖ ನೋಡದೆ. "ನಾಳೆಯಿಂದ ಬಟ್ಟೆ ಕಡೆ ಹೋಗಿ. ಅವಳ ವಿಷ್ಯ ಬೇರೆಯವರು ಸಿಕ್ಕ ಮೇಲೆ ನೋಡ್ತೀನಿ."

ತೊಳೆಯೋ ರೂಮಿನಲ್ಲಿ ಇಬ್ಬರೂ ಏಪ್ರನ್ನು ಕಟ್ಟಿಕೊಂಡರು. ಶಂಶುನ್ನೀಸಾ ಬಿಸಿನೀರಿಗೆ ಜಿಡ್ಡು ಬಿಡಿಸುವ ಸೋಪು ಕಲಸಿ, ಅಮ್ಮಯಮ್ಮನ ಸೆಟ್ಟಿನ ಮೂವತ್ತೆರಡು ಸಾಮಾನನ್ನೂ ಮುಳುಗಿಸಿದಳು. ನೀರಿನ ಮೇಲೆ ಎಣ್ಣೆಯ ಬಣ್ಣಬಣ್ಣದ ಪೊರೆ ತೇಲಿತು. ನೀರು ಚೆಲ್ಲಿದಳು, ಮತ್ತೆ ತುಂಬಿದಳು. ಒಂದೊಂದು ಕೀಲನ್ನೂ ಅಗಲಿಸಿ ಹಲ್ಲು ಕಚ್ಚಿಕೊಂಡು ಉಜ್ಜಿದಳು, ಬೆರಳ ತುದಿ ಸುಕ್ಕುಗಟ್ಟುವ ತನಕ. ಹುಡುಗಿ ಕಿಟಕಿಯ ಹತ್ತಿರ ಗಾಜಿನ ಕೆಳಗೆ ನಿಂತು ನೋಡುತ್ತಿದ್ದಳು. ಸ್ಟೂಲು ಇವರಿಬ್ಬರ ನಡುವೆ ಖಾಲಿ ಇತ್ತು.

ಮೊದಲು ಬಂದ ಕತ್ತರಿಯನ್ನು ಹುಡುಗಿ ಎರಡು ಸಲ ತಿರುಗಿಸಿ ಪಕ್ಕಕ್ಕಿಟ್ಟಳು. ಆಮೇಲೆ ಒಂದು ಇಕ್ಕಳವನ್ನು ಟ್ರೇನಲ್ಲಿ ವಾಪಸು ದೂಡಿದಳು.

"ಇದು ಆಗಿಲ್ಲ."

ಶಂಶುನ್ನೀಸಾ ಎತ್ತಿ ಬೆಳಕಿಗೆ ಹಿಡಿದಳು. ಹೊಳೆಯುತ್ತಿತ್ತು. ಹನಿ ನಿಂತಿರಲಿಲ್ಲ, ನೀರು ತೆಳ್ಳಗೆ ಹರಡಿತ್ತು. "ಏನಾಗಿಲ್ಲ? ಕಣ್ಣು ನೆಟ್ಟಗಿದೆಯಾ? ಇದಕ್ಕಿಂತ ಏನು ಕ್ಲೀನಾಗ್ಬೇಕು?"

"ಆಗಿಲ್ಲ ಅಂದ್ರೆ ಆಗಿಲ್ಲ. ನೋಡೋಳು ನಾನು. ಮತ್ತೆ ತೊಳೀರಿ."

ಸೇಡು, ಬೇರೇನೂ ಅಲ್ಲ. ಹನ್ನೆರಡು ವರ್ಷ ಈ ಗಾಜಿನ ಕೆಳಗೆ ಕೂತವಳಿಗೆ ಯಾವುದು ಕೊಳೆ ಯಾವುದು ಅಲ್ಲ ಎಂದು ನಿನ್ನೆ ಮೊನ್ನೆ ಬಂದ ಚಿಲ್ಟು ಹೇಳಬೇಕೇ! ಶಂಶುನ್ನೀಸಾ ಇಕ್ಕಳವನ್ನು ಮತ್ತೆ ಬಿಸಿನೀರಿಗೆ ಹಾಕಿ, ಸಣ್ಣ ಬ್ರಷ್ಷಿನಲ್ಲಿ ಕೀಲನ್ನು ಇನ್ನೊಂದು ಸುತ್ತು ಉಜ್ಜಿದಳು. ಏನೂ ಬರುವುದಿಲ್ಲ, ತೋರಿಸುತ್ತೇನೆ ಇವಳಿಗೆ ಎಂದು ಗಾಜ್ ಬಟ್ಟೆಯ ತುದಿ ತಿರುಚಿ ಸಂದಿಗೆ ತುರುಕಿ ಎಳೆದಳು.

ಬಟ್ಟೆಯ ಮೇಲೆ ಕಂದು ಗೆರೆ ಬಂತು. ತೆಳ್ಳಗೆ, ಒಂದು ರೇಷ್ಮೆ ಎಳೆಯಷ್ಟು.

ಹುಡುಗಿ ಅದನ್ನು ಗಾಜಿನಲ್ಲಿ ನೋಡಿಯೇ ದೂಡಿದ್ದಳೋ, ಸೇಡಿಗೆ ದೂಡಿದ್ದಳೋ, ಅದು ಶಂಶುನ್ನೀಸಾಳಿಗೆ ಕೊನೆಗೂ ಗೊತ್ತಾಗಲಿಲ್ಲ. ಕೇಳಲೂ ಇಲ್ಲ. ತನ್ನ ಕಣ್ಣಿಗೆ ಅದು ಕಂಡಿರಲಿಲ್ಲ ಅನ್ನುವುದಷ್ಟೇ ಗೊತ್ತಾಯಿತು, ಅದು ಸಾಕಾಗಿತ್ತು. ಆ ಗೆರೆ ಆರು ಗಂಟೆಗೆ ಅಮ್ಮಯಮ್ಮನ ಹೊಟ್ಟೆಯೊಳಗೆ ಇರುತ್ತಿತ್ತು.

ಮೂರನೇ ಸಲ ತೊಳೆದಳು. ಬಟ್ಟೆ ಬೆಳ್ಳಗೆ ಬಂತು. ಸೊಂಟದಲ್ಲಿದ್ದ ರೇಷ್ಮೆ ಉಂಡೆಯನ್ನು ತೆಗೆದು ಇಕ್ಕಳದ ಜೊತೆ ಟ್ರೇನಲ್ಲಿಟ್ಟು, ಹುಡುಗಿಯ ಕಡೆ ತಳ್ಳಿದಳು. ಆಮೇಲೆ ಕಾಲಿನಿಂದ ಸ್ಟೂಲನ್ನು ಒದ್ದಳು. ಅದು ಕಿರ್ರೆಂದು ಜಾರಿ ಹೋಗಿ ಹುಡುಗಿಯ ಮೊಣಕಾಲಿಗೆ ತಾಗಿತು.

"ಕೂತ್ಕೊಂಡು ನೋಡು. ನಿಂತ್ಕೊಂಡು ನೋಡಿದ್ರೆ ಕಾಣಲ್ಲ."

ಹುಡುಗಿ ಮೊಣಕಾಲು ಉಜ್ಜಿಕೊಳ್ಳುತ್ತಾ ಕೂತಳು. ಥ್ಯಾಂಕ್ಸ್ ಅನ್ನಲಿಲ್ಲ, ಇವಳು ಕಾಯಲೂ ಇಲ್ಲ. ಇನ್ನೂ ಮೂರು ಸಾಮಾನು ವಾಪಸು ಬಂದವು, ಮೂರನ್ನೂ ಶಂಶುನ್ನೀಸಾ ಬೈದುಕೊಂಡೇ ಮತ್ತೆ ತೊಳೆದಳು.

ಅಮ್ಮಯಮ್ಮ ಆಮೇಲೆ ಹನ್ನೊಂದು ದಿನ ವಾರ್ಡಿನಲ್ಲಿದ್ದು, ಕೊನೆಯ ದಿನ ಲಿಫ್ಟಿನ ಬಾಗಿಲು ಮುಚ್ಚುವ ತನಕ ಎಲ್ಲರನ್ನೂ ಬೈಯುತ್ತಾ ಮಧುರೆಗೆ ಹೋದಳು. ಇಪ್ಪತ್ತಾರನೇ ತಾರೀಖಿನ ಆ ಸಂಜೆ ಅವಳ ಸೆಟ್ಟು ಆಟೋಕ್ಲೇವಿಗೆ ಹೋಗುವ ಮೊದಲು ರಿಜಿಸ್ಟರು ಬಂತು. ಹುಡುಗಿ ತನ್ನ ಜಾಗದಲ್ಲಿ ಮುದ್ದಾಗಿ ಸಹಿ ಹಾಕಿ ಪುಸ್ತಕವನ್ನು ತಿರುಗಿಸಿ ಹಿಡಿದಳು. ಈ ಸಲ ಪೆನ್ನಿನ ಕ್ಯಾಪು ಸದ್ದು ಮಾಡಲಿಲ್ಲ. ಶಂಶುನ್ನೀಸಾ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ಅಭ್ಯಾಸಬಲದಿಂದ ‘ನೋಡಿದವರು’ ಅನ್ನುವ ಕಡೆಗೆ ಪೆನ್ನು ಒಯ್ದಳು. ಅಲ್ಲಿ ಆಗಲೇ ಹೆಸರಿತ್ತು. ಅವಳು ಪೆನ್ನನ್ನು ಒಂದು ಅಂಕಣ ಈಚೆಗೆ ತಂದು, ‘ತೊಳೆದವರು’ ಅನ್ನುವ ಕಡೆ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದಳು.